ರಿಜಿಸ್ಟರಿನಲ್ಲಿಲ್ಲದ ಪಾಸ್‌ವರ್ಡ್

"ರಿಜಿಸ್ಟರಲ್ಲಿ ಬರೆದಿರೋದನ್ನೇ ಹಾಕಿದ್ದೀಯೇನಮ್ಮಾ?"

ಅಪ್ಪ ಪಟ್ಟಾಭಿರಾಮ ಬೆನ್ನ ಹಿಂದೆಯೇ ನಿಂತು ಕೇಳಿದಾಗ ಹಂಸ ಕೀಬೋರ್ಡಿನಿಂದ ಕೈ ತೆಗೆದಳು. ಹೊಳೆನರಸೀಪುರದ ಆ ಕಾಲೇಜಿನ ಆಫೀಸಿಗೆ ಅವರೇ ಸೂಪರಿಂಟೆಂಡೆಂಟ್, ಅವಳು ಗುಮಾಸ್ತೆ. ಕಂಪ್ಯೂಟರ್ ಬಂದ ವರ್ಷವೇ ಅವರೊಂದು ನಿಯಮ ಮಾಡಿದ್ದರು: ಯಾರ ಪಾಸ್‌ವರ್ಡ್ ಆದರೂ ರಿಜಿಸ್ಟರಿನಲ್ಲಿ ಬರೆದು ಬೀರುವಿನಲ್ಲಿಡಬೇಕು.

ಹಂಸ ಬರೆದಿದ್ದಳು. ಸುಳ್ಳು ಬರೆದಿದ್ದಳು.

ಆಫೀಸಿಗೆಲ್ಲ ಒಂದೇ ಪ್ರಿಂಟರ್, ಅಪ್ಪನ ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದ್ದು; ಪ್ರಿಂಟ್ ಕೊಡಲು ಅದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪಾಸ್‌ವರ್ಡ್. ಅವಳ ಹಳೆಯ ಕಂಪ್ಯೂಟರ್ ಪಾಸ್‌ವರ್ಡನ್ನು ತಾನೇ ನೆನಪಿಟ್ಟುಕೊಂಡು ಮಾನ ಕಾಪಾಡಿತ್ತು. ನಿನ್ನೆ ಅದನ್ನು ತೆಗೆದು ಲಿನಕ್ಸ್ ಇರುವ ಹೊಸದನ್ನು ಇಟ್ಟರು. ಇದು ಪಾಸ್‌ವರ್ಡ್ ಹೇಳು ಎಂದು ಹಟ ಹಿಡಿದು ಕೂತಿದೆ. ಎರಡು ಗಂಟೆಗೆ ಪರೀಕ್ಷೆ. ಹಾಲ್ ಟಿಕೆಟ್ ಒಂದೂ ಪ್ರಿಂಟ್ ಆಗಿಲ್ಲ.

ಅಪ್ಪನ ಎದುರು ರಿಜಿಸ್ಟರಿನದನ್ನೇ ಎರಡು ಸಲ ಹಾಕಿದಳು. ಎರಡು ಸಲವೂ ತಪ್ಪು ಎಂದಿತು.

"ಸಾ, ಇನ್ನೊಂದ್ಸಲ ತಪ್ಪುದ್ರೆ ಲಾಕ್ ಆಗೋಯ್ತದೆ. ಆಮೇಲೆ ಹಾಸನದಿಂದ ಕಂಪ್ನಿಯೋರೇ ಬರ್ಬೇಕು," ಎಂದ ದಿಲೀಪ್. ಲ್ಯಾಬ್ ನೋಡಿಕೊಳ್ಳುವವನು, ದಂಡಿಗನಹಳ್ಳಿಯ ಒಕ್ಕಲು ಮನೆಯ ಹುಡುಗ.

ನಿಜವಾದ ಪಾಸ್‌ವರ್ಡ್ ಅಪ್ಪನಿಗೆ ಗೊತ್ತಾದರೆ ನಾಳೆಯಿಂದ ಅವಳಿಗೆ ಆಫೀಸೂ ಇಲ್ಲ, ಇವನೂ ಇಲ್ಲ. ಹಂಸ ತಲೆಯೆತ್ತಿದಳು. ಅವಳ ಕಣ್ಣಲ್ಲಿ ಏನು ಕಂಡಿತೋ, ಅವನು ತಟ್ಟನೆ, "ಸಾ, ಪ್ರಿಂಟರಲ್ಲಿ ಪೇಪರ್ ಐತಾ ವಸಿ ನೋಡ್ತೀರಾ?" ಎಂದ.

ಅಪ್ಪ ಪಕ್ಕದ ರೂಮಿಗೆ ನಡೆದರು.

"ಈಗ ನಿಜವಾದ್ದು ಹಾಕಿ."

"ನೀವು ಆ ಕಡೆ ತಿರುಗಿ."

ತಿರುಗಿದ. ಪೂರ್ತಿ ತಿರುಗಲಿಲ್ಲ, ಕಳ್ಳ.

ಡಿ, ಐ, ಎಲ್, ಎರಡು ಇ, ಪಿ. ಎಂಟರ್ ಒತ್ತಿ ಕಣ್ಣು ಮುಚ್ಚಿಕೊಂಡಳು. ಪಕ್ಕದ ರೂಮಿನಲ್ಲಿ ಪ್ರಿಂಟರ್ ಗುರ್ರೆಂದಿತು. "ಬಂತು, ಬಂತು!" ಎಂದು ಅಪ್ಪ ಕೂಗಿದರು.

ದಿಲೀಪನ ಕಿವಿ ಕೆಂಪಾಗಿತ್ತು. "ಮಾರ್ಕ್ಸ್ ಕಾರ್ಡಲ್ಲಿ ನನ್ನೆಸ್ರಿಗೆ ಎರಡು ಇ ಇಲ್ಲ ಕಣ್ರೀ. ಅಲ್ಲೂ ಐನೇ."

"ದೀರ್ಘ ಇದೆಯಲ್ಲ..." ಎಂದಳು. ಮರುಕ್ಷಣವೇ ಬಾಗಿಲ ಕಡೆ ನೋಡಿದಳು. "ದಮ್ಮಯ್ಯ, ಅಪ್ಪನಿಗೆ ಹೇಳ್ಬೇಡಿ. ಈಗಲೇ ಬದಲಾಯಿಸ್ತೀನಿ."

ಅಷ್ಟರಲ್ಲಿ ಅಪ್ಪ ಬಂದೇಬಿಟ್ಟರು. "ಏನಾಗಿತ್ತಪ್ಪಾ? ಸರಿಯಾದ್ದನ್ನ ರಿಜಿಸ್ಟರಲ್ಲಿ ಬರೆದುಬಿಡು."

ದಿಲೀಪ್ ಅವಳ ಸಾಲಿನಲ್ಲಿ ಹಳೆಯ ಸುಳ್ಳನ್ನು ಹೊಡೆದು ಇನ್ನೊಂದು ಸುಳ್ಳು ಗೀಚಿದ. ಅಪ್ಪ ಕನ್ನಡಕ ಸರಿಮಾಡಿಕೊಂಡು ಅದಕ್ಕೆ ಸಹಿ ಹಾಕಿ, ಹಾಲ್ ಟಿಕೆಟ್ ತರಲು ಹೋದರು.

"ಬದ್ಲಾಯಿಸ್ಬ್ಯಾಡಿ," ಎಂದ ದಿಲೀಪ್, ರಿಜಿಸ್ಟರ್ ಮುಚ್ಚುತ್ತ. "ನಂದೂ ಇದ್ರಲ್ಲಿ ಬರ್ದಿರೋದಲ್ಲ. ಐದೇ ಅಕ್ಷರ."

ಮೇಜಿನ ಕೆಳಗೆ ಹಂಸ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ, ಒಂದೊಂದೇ ಬೆರಳು ಮಡಚಿ ಎಣಿಸಿದಳು. ಹೆಬ್ಬೆರಳಿಗೆ ಸರಿಯಾಗಿ ಮುಗಿಯಿತು.