ಮಸಾಲೆ ಡಬ್ಬಿಯಲ್ಲಿದ್ದ ಸೀಸ

೨೦೨೧ರ ಮಾರ್ಚ್ ೧೪, ಭಾನುವಾರ, ಮಧ್ಯಾಹ್ನ ೩.೪೦. ಅಮೆರಿಕದ ಲಾರೆನ್ಸ್‌ವಿಲ್‌ನ ಠಾಣೆಗೆ ಆಸ್ಪತ್ರೆಯಿಂದ ಫೋನ್ ಬಂತು. ತ್ಯಾಗರಾಜ ಎಂಬ ಸಾಫ್ಟ್‌ವೇರ್ ಮ್ಯಾನೇಜರ್ ಪರಿಚಯದವರ ಜಮೀನಿನಲ್ಲಿ ಗುರಿ ಅಭ್ಯಾಸ ಮಾಡುತ್ತಿದ್ದಾಗ, ನೂರು ವರ್ಷ ಹಳೆಯ ಜರ್ಮನ್ ರೈಫಲ್ ಹಿಂಬದಿಯಿಂದ ಸಿಡಿದು ಬಲಗೈಗೂ ಬಲಗಣ್ಣಿಗೂ ಪೆಟ್ಟಾಗಿತ್ತು. ತೋಟಾ ತಯಾರಿಸಿಕೊಟ್ಟ ಐತಪ್ಪ ಬೇಕೆಂದೇ ಹೀಗೆ ಮಾಡಿದ್ದಾರೆ ಎಂದು ತ್ಯಾಗರಾಜನ ಹೆಂಡತಿ ವಸಂತಾ ದೂರು ಕೊಟ್ಟರು.

ದೂರು ಬರೆದುಕೊಂಡವರು ಡಿಟೆಕ್ಟಿವ್ ಗುರುರಾಜ. ಈ ದೇಶಕ್ಕೆ ಬಂದು ಪೊಲೀಸ್ ಕೆಲಸಕ್ಕೆ ಸೇರುವ ಮೊದಲು ಪೀಣ್ಯದಲ್ಲಿ ಏಳು ವರ್ಷ ಲೇತ್ ಓಡಿಸಿದ ಕೈ ಅವರದು. ಯಾರ ಮಾತನ್ನಾದರೂ ಅಳೆದು ನೋಡದೆ ಒಪ್ಪುವ ಅಭ್ಯಾಸ ಆಗಲೇ ಬಿಟ್ಟುಹೋಗಿತ್ತು.

"ಬೇಕಂತಲೇ ಅಂತ ಯಾಕೆ ಹೇಳ್ತೀರಾ?"

"ಗ್ಯಾರೇಜಲ್ಲಿ ಗನ್‌ಪೌಡರ್ ಇಟ್ಕೊಂಡಿದಾರೆ ಅಂತ ಇವ್ರು ನಮ್ಮ ಕಾಲೋನಿ ಅಸೋಸಿಯೇಷನ್‌ಗೆ ಕಂಪ್ಲೇಂಟ್ ಮಾಡಿದ್ರು ಸರ್. ಆ ಸಿಟ್ಟು ಅವ್ರಿಗೆ."

"ಕಂಪ್ಲೇಂಟ್ ಮಾಡಿದ ಮೇಲೂ ಅವರ ಹತ್ರಾನೇ ತೋಟಾ ಮಾಡಿಸ್ಕೊಂಡ್ರಾ?"

ವಸಂತಾ ತಲೆ ತಗ್ಗಿಸಿದರು. "ಕೋವಿಡ್ ಬಂದ್ಮೇಲೆ ಅಂಗಡೀಲಿ ಎಲ್ಲಿ ಸಿಗ್ತಿದೆ ಸರ್?"

ಸಂಜೆ ೫.೧೫ಕ್ಕೆ ಗುರುರಾಜ ಐತಪ್ಪನವರ ಮನೆ ಬಾಗಿಲು ತಟ್ಟಿದರು. ಐತಪ್ಪ ಪುತ್ತೂರಿನವರು, ಅರವತ್ತೆಂಟು ವರ್ಷ, ನಿವೃತ್ತ ಮೆಷಿನಿಸ್ಟ್. ಸುದ್ದಿ ಕೇಳಿ ಅವರು ಮೊದಲು ವಿಚಾರಿಸಿದ್ದು ತ್ಯಾಗರಾಜನ ಕಣ್ಣಿನ ಬಗ್ಗೆ. ಹೆಂಡತಿ ಗುಲಾಬಿ ಒಳಗಿನಿಂದಲೇ ಹೇಳಿದರು: "ಇವರ ಸಿಟಿಜನ್‌ಶಿಪ್ ಇಂಟರ್‌ವ್ಯೂಗೆ ಇನ್ನು ಹನ್ನೊಂದು ದಿನ ಉಂಟು, ಸಾರ್." ಬಂದೂಕಿನ ಕೇಸೊಂದು ಮೈಮೇಲೆ ಬಿದ್ದರೆ ಇಂಟರ್‌ವ್ಯೂ ಹಾಗಿರಲಿ, ಈ ದೇಶದಲ್ಲಿ ಉಳಿಯುವುದೇ ಕಷ್ಟ. ಅದು ಮೂವರಿಗೂ ಗೊತ್ತಿತ್ತು.

ಐತಪ್ಪ ತಾವಾಗಿಯೇ ಗ್ಯಾರೇಜ್ ತೆರೆದರು. ಇಲ್ಲಿ ಪಂಚನಾಮೆಗೆ ಪಂಚರು ಬೇಡ. ಜೊತೆಗೆ ಬಂದ ಆಫೀಸರನ ಎದೆಯ ಕ್ಯಾಮೆರಾ ಎಲ್ಲವನ್ನೂ ನೋಡುತ್ತಿತ್ತು. ಮೇಜಿನ ಮೇಲೆ ಸ್ಟೀಲಿನ ಮಸಾಲೆ ಡಬ್ಬಿ. ಒಳಗಿನ ಏಳು ಬಟ್ಟಲುಗಳಲ್ಲಿ ಸಾಸಿವೆ, ಜೀರಿಗೆಯ ಬದಲು ಚಿಕ್ಕ ಸೀಸದ ತುಂಡುಗಳು, ಒಂದೊಂದಕ್ಕೂ ಹೆಸರಿನ ಚೀಟಿ.

"ಇದೇನು?"

"ಹಳೇ ರೈಫಲ್ ಬಂದರೆ ನಾನು ಅದರ ಮೇಲೆ ಬರೆದದ್ದನ್ನು ನಂಬುದಿಲ್ಲ, ಸಾರ್. ಮೊದಲು ಮೀನು ಹಿಡಿಯುವ ಸೀಸದ ಗುಂಡು ತೆಗೊಂಡು ನಳಿಗೆಯೊಳಗೆ ತೂರಿಸುದು. ಆಚೆ ಬಂದದ್ದನ್ನು ಅಳೆದರೆ ನಳಿಗೆಯ ನಿಜವಾದ ಅಳತೆ ಸಿಕ್ತದೆ. ಆಮೇಲೆ ಅದಕ್ಕೆ ಹೊಂದುವ ಗುಂಡು ಹುಡುಕುದು."

ತ್ಯಾಗರಾಜನ ಚೀಟಿಯಿದ್ದ ತುಂಡನ್ನು ಗುರುರಾಜ ಮೈಕ್ರೋಮೀಟರಿಗೆ ಹಿಡಿದರು. ಅಂಗುಲದ ಸಾವಿರ ಭಾಗದಲ್ಲಿ ಮುನ್ನೂರ ಹದಿನೆಂಟು. ಐತಪ್ಪನವರ ನೋಟ್‌ಬುಕ್ಕಿನಲ್ಲೂ ಅದೇ: "ಗುಂಡು ೩೧೮, ಇಪ್ಪತ್ತು ತೋಟಾ." ಡಬ್ಬಿ, ನೋಟ್‌ಬುಕ್ ಎರಡನ್ನೂ ಸೀಲ್ ಮಾಡಿ ಒಯ್ದರು.

ಮಾರ್ಚ್ ೧೬, ಮಂಗಳವಾರ, ಬೆಳಿಗ್ಗೆ ೧೦.೩೦. ಲ್ಯಾಬಿನ ವರದಿ ಬಂತು. ಸಿಡಿದ ರೈಫಲ್ಲಿನ ನಳಿಗೆ ೩೧೮. ತ್ಯಾಗರಾಜ ಹೊಡೆದ ಎರಡನ್ನು ಬಿಟ್ಟು ಅವನ ತೋಟಾ ಡಬ್ಬದಲ್ಲಿ ಉಳಿದ ಹದಿನೆಂಟು ತೋಟಾಗಳ ಗುಂಡು ೩೨೩. ವ್ಯತ್ಯಾಸ ಕೂದಲೆಳೆಗಿಂತ ತುಸು ಹೆಚ್ಚು, ಅಷ್ಟೇ. ಆದರೆ ದಪ್ಪ ಗುಂಡು ಕಿರಿದಾದ ನಳಿಗೆಗೆ ಸಿಕ್ಕಿಕೊಂಡರೆ ಹಿಂದಿನ ಒತ್ತಡ ಮುಂದೆ ದಾರಿ ಕಾಣದೆ ಬಂದೂಕನ್ನೇ ಒಡೆಯುತ್ತದೆ. ಡಬ್ಬದ ಮೇಲಿನ ಅಕ್ಷರ ಮಾತ್ರ ಐತಪ್ಪನವರದೇ.

ನೋಟ್‌ಬುಕ್ಕಿನಲ್ಲಿ ಒಂದು ಬರೆದು ಡಬ್ಬದಲ್ಲಿ ಇನ್ನೊಂದು ತುಂಬಿದ ಎಂದು ಸರ್ಕಾರಿ ವಕೀಲರು ಹೇಳಿದರೆ ಉತ್ತರವಿಲ್ಲ. ಗುರುರಾಜ ಒಂದು ತೋಟಾದ ಫೋಟೋ ಹಿಡಿದು ಮತ್ತೆ ಐತಪ್ಪನವರ ಮನೆಗೆ ಹೋದರು. ಫೋಟೋವನ್ನು ಮೊದಲು ನೋಡಿದವರು ಗುಲಾಬಿ.

"ಇದು ಇವರದ್ದಲ್ಲ ಮಾರಾಯ್ರೆ! ನನ್ನ ನೈಲ್ ಪಾಲಿಶ್ ಎಲ್ಲಿ?"

"ನೈಲ್ ಪಾಲಿಶ್?"

"ತೇವ ಒಳಗೆ ಹೋಗಬಾರ್ದು ಅಂತ ತೋಟಾದ ಹಿಂದೆ ಕಿಡಿ ಹೊತ್ತಿಸುವ ಕೇಪಿನ ಸುತ್ತ ಇವರು ಕೆಂಪು ಬಣ್ಣ ಹಚ್ಚುದು. ಮೂರು ಶೀಶೆ ಮುಗಿಸಿದ್ದಾರೆ. ನನ್ನ ಉಗುರು ನೋಡಿ, ಬೋಳು!"

ಎರಡು ದಿನದಲ್ಲಿ ಮೊದಲ ಬಾರಿ ಐತಪ್ಪ ನಕ್ಕರು. ಗುರುರಾಜ ನಗದೆ ಕೇಳಿದರು: "ಡಬ್ಬ ತ್ಯಾಗರಾಜರ ಮನೆಗೆ ತಾನೇ ಒಯ್ದೆ ಅಂತ ಒಬ್ಬ ಹೇಳಿಕೆ ಕೊಟ್ಟಿದ್ದಾನಲ್ಲ, ಅವನು ನಿಮಗೇನಾಗ್ಬೇಕು?"

"ಕಲ್ಮೇಶ. ನನ್ನ ಹತ್ರ ಮೂರು ವರ್ಷದಿಂದ ಕೆಲಸ ಕಲೀತಿದ್ದಾನೆ."

ಮಧ್ಯಾಹ್ನ ೨.೨೦. ಹುಬ್ಬಳ್ಳಿ ಕಡೆಯ ಕಲ್ಮೇಶ, ನಲವತ್ತರ ಆಸುಪಾಸಿನ ನೆಟ್‌ವರ್ಕ್ ಎಂಜಿನಿಯರ್, ಭಾನುವಾರ ರಾತ್ರಿಯೇ ಠಾಣೆಗೆ ಹೇಳಿಕೆ ಕೊಟ್ಟಿದ್ದ: ಡಬ್ಬವನ್ನು ತೆರೆಯದೆ ತಲುಪಿಸಿದೆ ಎಂದು. ಈಗ ವಾರಂಟ್ ತೋರಿಸಿ ಹುಡುಕಿದಾಗ ಅವನ ಮನೆಯ ಕೆಲಸದ ಬೆಂಚಿನ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಇಪ್ಪತ್ತು ತೋಟಾ ಸಿಕ್ಕವು. ಇಪ್ಪತ್ತಕ್ಕೂ ಕೆಂಪು ಉಂಗುರ. ಪಕ್ಕದಲ್ಲಿ ೩೨೩ ಗುಂಡಿನ ಅರ್ಧ ಖಾಲಿ ಪೆಟ್ಟಿಗೆ.

"ಡಬ್ಬದಲ್ಲಿದ್ದದ್ದು ಯಾರು ಮಾಡಿದ್ದು?"

"ನಾನ ಮಾಡಿದ್ದು, ಸರ್."

"ನಳಿಗೆ ಅಳೆದಿದ್ಯಾ?"

"ಇಲ್ರೀ. ರೈಫಲ್ ಎಂಟು ಮಿಲಿಮೀಟರ್ ಅಂದ್ರು. ಪೆಟ್ಟಿಗೆ ಮ್ಯಾಲೂ ಎಂಟ ಮಿಲಿಮೀಟರ್ ಅಂತ ಇತ್ತು. ಹಳೇ ಕಾಲದ ಎಂಟು ಬ್ಯಾರೆ, ಆಮ್ಯಾಲಿಂದು ಬ್ಯಾರೆ ಅಂತ ಅಂಕಲ್ ಸಾವಿರ ಸಲ ಹೇಳ್ಯಾರ್ರೀ. ಆದ್ರೂ…"

"ಬದಲಾಯಿಸಿದ್ದು ಯಾಕೆ?"

"ತ್ಯಾಗರಾಜ್ ಹೊಡೆದು ಛಲೋ ಅದಾವು ಅಂದಮ್ಯಾಲೆ, ನಾನ ಮಾಡಿದ್ದು ಅಂತ ಹೇಳಾಂವ ಇದ್ದೆ. ಅಂಕಲ್ ಮುಂದೆ." ಅವನು ಕೈ ಮುಂದೆ ಚಾಚಿದ. "ಎರಡು ದಿನ ಕೂಳು ಇಳಿದಿಲ್ಲ. ನೀವು ಬಂದದ್ದು ಛಲೋ ಆತ್ರೀ, ಸರ್."

೩.೦೫ಕ್ಕೆ ಬಂಧನ. ಎಚ್ಚರಗೇಡಿತನದಿಂದ ಗಾಯಪಡಿಸಿದ್ದು, ಪೊಲೀಸರಿಗೆ ಸುಳ್ಳು ಹೇಳಿದ್ದು.

ಸಂಜೆ ಆಸ್ಪತ್ರೆಯಿಂದ ಸುದ್ದಿ: ತ್ಯಾಗರಾಜನ ಕಣ್ಣು ಉಳಿಯಿತು. ವಸಂತಾ ಗುಲಾಬಿಗೆ ಫೋನ್ ಮಾಡಿ ಅತ್ತರಂತೆ. ಐತಪ್ಪನವರ ಮೇಲೆ ಕೇಸಿಲ್ಲ ಎಂಬ ಪತ್ರವನ್ನು ಅವರ ಕೈಗೆ ಕೊಟ್ಟು ಗುರುರಾಜ ಹೊರಡಲು ಎದ್ದರು. ಪತ್ರವನ್ನು ಎರಡು ಸಲ ಓದಿ ಐತಪ್ಪ ಉಸಿರು ಬಿಟ್ಟರು.

"ಕಲ್ಮೇಶನ ಕೈ ಒಳ್ಳೇದುಂಟು, ಸಾರ್. ಅಳೆಯುವಾಗ ಮಾತ್ರ ಅವಸರ. ತಪ್ಪಿದ್ದನ್ನೆಲ್ಲ ಹೇಳಿದೆ. ಒಳ್ಳೇದುಂಟು ಅಂತ ಮೂರು ವರ್ಷದಲ್ಲಿ ಒಂದು ದಿನ ಹೇಳಲಿಲ್ಲ ನಾನು."

ಗುರುರಾಜ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ಹೇಳಿದರು: "ನಾಳೆ ಒಂಬತ್ತಕ್ಕೆ ಅವನ ಜಾಮೀನು ವಿಚಾರಣೆ. ಬಂದು ಹೇಳಿ."