ಹಸಿ ಗೆರೆ

"ತಾತಾ, ಕಾಲೆತ್ತು! ಬೆಲ್ ಹೊಡೆದ್ಬಿಡುತ್ತೆ!"

ತಾತನ ಕಾಲು ಏಳಲಿಲ್ಲ. ಬಾಗಿಲಲ್ಲಿ ಅಂಟು ಹಾಕಿದ ಹಾಗೆ ನಿಂತುಬಿಟ್ಟಿದ್ದರು. ಚೂಟಿ ಅವರ ಕೈ ಹಿಡಿದು ಜಗ್ಗಿದಳು. ಮೈ ಮುಂದೆ ಬಂತು, ಕಾಲು ಬರಲಿಲ್ಲ. ಅಪ್ಪ ಓಡಿಬಂದು ಹಿಡಿಯದಿದ್ದರೆ ತಾತನ ಹಲ್ಲು ಉದುರುತ್ತಿದ್ದವು. ಉಳಿದಿದ್ದದ್ದೇ ನಾಲ್ಕು!

"ಎಳೀಬಾರ್ದು ಅಂತ ಡಾಕ್ಟರ್ ಹೇಳಿರ್ಲಿಲ್ವೇನೇ?" ಅಪ್ಪ ಗದರಿದರು. ಆಮೇಲೆ ತಾತನ ಕಡೆ ತಿರುಗಿ, "ಸಾಕಪ್ಪಾ. ಇನ್ಮೇಲೆ ಇವಳನ್ನ ಸ್ಕೂಲಿಗೆ ನಾನೇ ಬಿಡ್ತೀನಿ. ನೀವು ಮನೇಲಿರಿ" ಎಂದರು.

ಚೂಟಿಗೆ ಅಳು ಬಂತು. ಎಳೆದವಳು ತಾನು, ಶಿಕ್ಷೆ ತಾತನಿಗೆ.

ಡಾಕ್ಟರು ಎಲ್ಲ ಬಿಡಿಸಿ ಹೇಳಿದ್ದರು. ಮಿದುಳಿನ ಆಳದಲ್ಲಿ ಪುಟ್ಟ ಪುಟ್ಟ ಭಾಗಗಳಿವೆ. ಕಾಲು ಹೊರಡಬೇಕಾದರೆ ಅವು 'ಹೂಂ, ನಡಿ' ಅನ್ನಬೇಕು. ತಾತನ ಮಿದುಳಿನಲ್ಲಿ ಆ ಅಪ್ಪಣೆ ಆಗಾಗ ತಡವರಿಸುತ್ತದೆ. ಕಾಲಲ್ಲಿ ಶಕ್ತಿ ಇದ್ದೇ ಇದೆ.

ಆದರೆ ನಿನ್ನೆ ಇದೇ ಬಾಗಿಲನ್ನು ತಾತ ಸಲೀಸಾಗಿ ದಾಟಿದ್ದರಲ್ಲ! ನಿನ್ನೆ ಇಲ್ಲಿ ಚೂಟಿ ಬರೆದ ಕುಂಟಾಬಿಲ್ಲೆಯ ಮನೆಗಳಿದ್ದವು. ಸಂಜೆ ಅಮ್ಮ ನೆಲ ಒರೆಸಿದಾಗ ಗೆರೆಗಳೆಲ್ಲ ಅಳಿಸಿಹೋಗಿದ್ದವು.

ಚೂಟಿ ಬ್ಯಾಗಿನಿಂದ ಚಾಕ್‌ಪೀಸ್ ತೆಗೆದಳು. ಬಾಗಿಲಾಚೆ ಅಡ್ಡಡ್ಡ ಗೆರೆ ಎಳೆದಳು. ತಾತ ದುಡಿಯುವ ಕಾಲದಲ್ಲಿ ರಸ್ತೆಗೆ ಬಿಳಿ ಪಟ್ಟೆ ಬಳಿಯುತ್ತಿದ್ದವರು. ಹಸಿ ಪಟ್ಟೆ ತುಳಿದವರಿಗೆ ಅವರಿಂದ ಮಂಗಳಾರತಿ ಗ್ಯಾರಂಟಿಯಾಗಿತ್ತು.

"ತಾತಾ, ಪೇಂಟ್ ಹಸಿ ಇದೆ. ತುಳೀಬೇಡ!"

ತಾತ ಕೆಳಗೆ ನೋಡಿದರು. ಕಾಲು ಎದ್ದಿತು. ಒಂದು ಗೆರೆ ದಾಟಿತು, ಇನ್ನೊಂದನ್ನೂ ದಾಟಿತು.

"ಎಷ್ಟು ಸೊಟ್ಟ ಎಳೆದಿದೀಯೇ!" ಎಂದರು ತಾತ.

ಅಪ್ಪ ಬೈಕಿನ ಕೀಯನ್ನು ಮೊಳೆಗೆ ತಗುಲಿಹಾಕಿದರು. "ಸರಿ, ಹೋಗ್ಬನ್ನಿ. ನಾನೂ ಹಿಂದೆ ಬರ್ತೀನಿ."

ದಾರಿಯೆಲ್ಲ ಚೆನ್ನಾಗಿಯೇ ಆಯಿತು. ಸ್ಕೂಲಿನ ಗೇಟು ಮಾತ್ರ ಇಕ್ಕಟ್ಟು. ತಾತ ಅಲ್ಲಿ ಮತ್ತೆ ನಿಂತರು. ಚೂಟಿ ಗೆರೆ ಎಳೆದಳು. ಈ ಸಲ ಕಾಲು ಏಳಲಿಲ್ಲ. ಹಿಂದಿನಿಂದ ಯಾರೋ ಹುಡುಗರು ಕಿಸಕ್ಕನೆ ನಕ್ಕರು. ಬೆಲ್ ಹೊಡೆಯಿತು.

"ನೀನು ಓಡು ಪುಟ್ಟಾ," ಎಂದರು ತಾತ. ಅವರ ಮುಖ ಕೆಂಪಾಗಿತ್ತು.

ಚೂಟಿ ಇನ್ನೇನು ತಾತನ ಕೈ ಜಗ್ಗಬೇಕು, ಅಷ್ಟರಲ್ಲಿ ಬಿಗಿ ಸಡಿಲಿಸಿದಳು. ಕೈ ಬಿಡಲಿಲ್ಲ. ತಾತನ ಪಕ್ಕಕ್ಕೆ ಬಂದು ಕಾಲು ಜೋಡಿಸಿ ನಿಂತಳು.

"ಪೇಂಟ್ ಒಣಗ್ಲಿ ತಾತಾ. ಆಮೇಲೆ ಹೋಗೋಣ."