ಜೇನುಗೂಡಿಗೆ ಕಪ್ಪು ಕಟ್ಟಿದವಳು

"ಯಾರಿಗೇ ಕಟ್ತಿದ್ದೀಯ ಬುತ್ತಿ?"

ಅತ್ತೆ ಓರ್ಫಾ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ಕೇಳಿದಳು. ಜೋಳದ ರೊಟ್ಟಿಯ ಮೇಲೆ ಹಂದಿಮಾಂಸದ ತುಂಡೊಂದನ್ನಿಟ್ಟು ಗಂಟು ಬಿಗಿಯುತ್ತಿದ್ದ ತಲಿತಾಳ ಕೈ ಅಲ್ಲಿಗೇ ನಿಂತಿತು. ಕದ್ದುಮುಚ್ಚಿ ನಡೆಸಿದ್ದು ಬಯಲಾದ ಮೇಲೆ ಇನ್ನು ಸುಳ್ಳು ಹೇಳಿ ಏನು ಮಾಡುವುದು?

"ನಿಮ್ಮ ಮಗನಿಗೆ. ಹಿಂದಿನ ಬೆಟ್ಟದಲ್ಲಿದ್ದಾರೆ. ದಂಡು ಬಿಟ್ಟು ಬಂದಿದ್ದಾರೆ."

"ನನ್ನ ಮಗ ವರ್ಜೀನಿಯಾದ ಮಣ್ಣಲ್ಲಿ ಮಲಗಿದ್ದಾನೆ. ಇನ್ಯಾರೂ ನನಗಿಲ್ಲ."

ಉತ್ತರದವರೂ ದಕ್ಷಿಣದವರೂ ಒಂದೇ ದೇಶದ ಮಕ್ಕಳಾಗಿ ಒಬ್ಬರ ಕುತ್ತಿಗೆ ಒಬ್ಬರು ಕೊಯ್ಯತೊಡಗಿ ನಾಲ್ಕನೇ ವರ್ಷ ನಡೆಯುತ್ತಿತ್ತು. ಕೆರೊಲಿನಾದ ಆ ಬೆಟ್ಟದೂರಲ್ಲಿ ಗಂಡಸರ ದನಿಯೇ ಅಡಗಿಹೋಗಿತ್ತು. ಓರ್ಫಾಳ ಹಿರಿಯ ಮಗ ರ‍್ಯಾನ್ಸಮ್ ವಸಂತದಲ್ಲಿ ಗುಂಡೇಟಿಗೆ ಬಲಿಯಾಗಿದ್ದ. ಅಂದಿನಿಂದ ಅವಳು ಚರ್ಚಿಗೆ ಬಂದರೆ ಜನ ಎದ್ದು ನಿಲ್ಲುತ್ತಿದ್ದರು. ಆ ಮರ್ಯಾದೆಯೊಂದನ್ನೇ ಹಿಡಿದುಕೊಂಡು ಮುದುಕಿ ಉಸಿರಾಡುತ್ತಿದ್ದಳು. ಈಗ ಕಿರಿಯವ ಲೀವೈ, ತಲಿತಾಳ ಗಂಡ, ಅದಕ್ಕೆ ಮಸಿ ಬಳಿಯಲು ಜೀವಂತ ಬಂದು ಕೂತಿದ್ದ! ಅವಳ ಕಣ್ಣಿಗೆ ಕಂಡದ್ದು ಅಷ್ಟೇ.

ಅವತ್ತು ಅವಳು ಬಾಯಿಗೆ ಬಂದದ್ದೆಲ್ಲ ಅಂದಳು. ಹೆಂಡತಿಯ ಲಂಗದ ವಾಸನೆಗೆ ಓಡಿಬಂದವನು ಎಂದಳು. ಗಂಡಸನ್ನು ಹೇಡಿ ಮಾಡಿದ್ದು ನೀನೇ ಎಂದಳು. ತಲಿತಾಳೂ ಸುಮ್ಮನಿರಲಿಲ್ಲ. ಒಬ್ಬ ಮಗನನ್ನು ನುಂಗಿ ಇನ್ನೊಬ್ಬನಿಗೆ ಬಾಯಿ ತೆರೆದಿದ್ದೀರಿ ಎಂದುಬಿಟ್ಟಳು. ಮುದುಕಿಯ ಮುಖ ಕಪ್ಪಿಟ್ಟಿತು. ಒಳಗೆ ಹೋಗಿ ತನ್ನ ಶೋಕದ ಕಪ್ಪು ಲಂಗವನ್ನು ಪರಪರ ಹರಿದು ತಂದಳು. ಅಂಗಳದಂಚಿನ ಜೇನುಗೂಡುಗಳಿಗೆ ಒಂದೊಂದಕ್ಕೂ ಕಪ್ಪು ಚೂರು ಕಟ್ಟಿದಳು.

ಮನೆಯಲ್ಲಿ ಸಾವಾದರೆ ಮಾತ್ರ ಹಾಗೆ ಕಟ್ಟುವುದು. ಸತ್ತವರ ಹೆಸರನ್ನು ಜೇನಿಗೆ ಹೇಳಿ ಕಪ್ಪು ಕಟ್ಟದಿದ್ದರೆ ಹುಳುಗಳು ಮನೆ ಬಿಟ್ಟು ಹೋಗುತ್ತವೆಂದು ಆ ಬೆಟ್ಟದವರು ನಂಬಿದ್ದರು. ಓರ್ಫಾ ಗೂಡಿನ ಮೇಲೆ ಬಗ್ಗಿ, ಸೊಸೆಗೆ ಕೇಳಿಸುವಂತೆ, "ಲೀವೈ ಸತ್ತ," ಎಂದಳು. ಆಮೇಲೆ ತನ್ನ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡಳು. ಸೊಸೆ ಇಟ್ಟ ಅನ್ನ ಮುಟ್ಟಲಿಲ್ಲ, ಹೊಸ್ತಿಲು ದಾಟಲಿಲ್ಲ.

ಅದೇ ದಿನ ಊರ ಕಾವಲುಪಡೆಯವರು ತೊರೆಯ ಗಿರಣಿಯಲ್ಲಿ ಬಂದು ಬೀಡುಬಿಟ್ಟರು. ದಂಡಿನಿಂದ ಓಡಿಬಂದವರನ್ನು ಹಿಡಿಯುವುದೇ ಅವರ ಕಸುಬು. ಬುತ್ತಿ ಹೊತ್ತು ಬೆಟ್ಟ ಹತ್ತುವುದು ತಲಿತಾಳಿಗೆ ತಪ್ಪಿಹೋಯಿತು. ಆದರೆ ಬೆಳಗ್ಗೆ ಸಂಜೆ ಲೀವೈ ಬಂಡೆಯ ಮರೆಯಿಂದ ಮನೆಯ ಕಡೆ ನೋಡುತ್ತಾನೆಂದು ಅವಳಿಗೆ ಗೊತ್ತಿತ್ತು. ಹಾಲು ಕರೆಯಲು ಹೋದಾಗಲೆಲ್ಲ ಆ ಕಪ್ಪು ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಕೈ ಚಾಚಿದರೆ ಬಿಚ್ಚಬಹುದಿತ್ತು... ಬಿಚ್ಚಲಿಲ್ಲ. ಕಟ್ಟಿದವಳೇ ಬಂದು ಬಿಚ್ಚಲಿ, ನನ್ನ ಮುಂದೆಯೇ ಬಿಚ್ಚಲಿ ಎಂಬ ಹಟ ಅವಳಿಗೆ.

ಒಂದು ಇಳಿಹೊತ್ತು ಜೋಳದ ಹೊಲ ಸರಸರ ಸದ್ದು ಮಾಡಿತು. ಲೀವೈ ಗಡ್ಡ ಬೆಳೆದ ಮುಖದಲ್ಲಿ, ಬರಿಗಾಲಲ್ಲಿ, ಇನ್ನೂ ಬೆಳಕಿರುವಾಗಲೇ ಓಡಿಬರುತ್ತಿದ್ದ. ತಲಿತಾ ಕೈ ಬೀಸಿ ಹಿಂದಕ್ಕೆ ಹೋಗು ಎಂದಳು. ಅವನು ಅದು ತನಗೆ ಕಾಣಲೇ ಇಲ್ಲ ಎಂಬಂತೆ ಬಂದ. ಗಿರಣಿಯ ಕಡೆಯಿಂದ ಕುದುರೆಗಳೂ ಬಂದವು. ಅಂಗಳದಲ್ಲೇ ಅವನ ಕೈಗೆ ಹಗ್ಗ ಬಿತ್ತು.

"ಅವ್ವ ಯಾವಾಗ ಹೋದ್ಲು?" ಹಗ್ಗದ ಕಡೆ ನೋಡದೆ ಅವನು ಹೆಂಡತಿಯನ್ನು ಕೇಳಿದ. "ಮಣ್ಣು ಮಾಡಿಬಿಟ್ರಾ?"

ಗದ್ದಲ ಕೇಳಿ ಓರ್ಫಾ ಬಾಗಿಲು ತೆರೆದು ಹೊರಬಂದಳು. ಲೀವೈ ಅವಳನ್ನು ನೋಡಿ ನಕ್ಕುಬಿಟ್ಟ. ನಗುತ್ತಲೇ ಅವನ ಕಣ್ಣು ತುಂಬಿತು.

"ಇದೀಯಲ್ಲ ಅವ್ವ... ಕಪ್ಪು ಕಟ್ಟಿದ್ದು ಕಾಣ್ತು. ತಲಿತಾ ಓಡಾಡ್ತಿದ್ಲು, ನೀನು ಮಾತ್ರ ಹೊರಗೇ ಬರ್ಲಿಲ್ಲ. ಹೆಣ ಹೊರೋಕಾದ್ರೂ ಮಗ ಅಂತ ಒಬ್ಬ ಬೇಡ್ವಾ ಅಂತ ಬಂದೆ. ಹಾಗಾದ್ರೆ ಯಾರಿಗೆ ಕಟ್ಟಿದ್ದು?"

ಅವನು ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಸರಿ ಬಿಡು," ಎಂದ, ಮೆಲ್ಲಗೆ.

ಓರ್ಫಾ ಓಡಿಹೋಗಿ ಪಡೆಯ ಮುಖಂಡ ಡ್ರೂರಿಯ ಕಾಲು ಹಿಡಿದಳು. ಒಬ್ಬನನ್ನು ಕೊಟ್ಟಾಗಿದೆ, ಇವನನ್ನು ಬಿಡಿ, ಬೇಕಾದರೆ ನನ್ನನ್ನೇ ಎಳೆದೊಯ್ಯಿರಿ ಎಂದು ಗೋಗರೆದಳು. ಡ್ರೂರಿ ಅವಳ ಕೈ ಬಿಡಿಸಿದ. "ಓಡಿಬಂದೋರ್ಗೆ ಕಂಡಲ್ಲೇ ಗುಂಡಿಕ್ಕಿ ಅಂತ ಚರ್ಚಿನಲ್ಲಿ ಎದ್ದು ನಿಂತು ಹೇಳಿದ್ದು ನೀವೇ ಅಲ್ವಾ, ತಾಯಿ? ಊರೆಲ್ಲ ಆಮೆನ್ ಅಂದಿತ್ತು," ಎಂದ.

ಕುದುರೆಗಳು ತೊರೆಯ ತಿರುವಿನಲ್ಲಿ ಮರೆಯಾದವು. ಸ್ವಲ್ಪ ಹೊತ್ತಿಗೆ ಗುಂಡಿನ ಸದ್ದು ಕೇಳಿತು. "ಯಾರೋ ಜಿಂಕೆ ಹೊಡೆದ್ರು," ಎಂದಳು ಓರ್ಫಾ. ಮತ್ತೆ ಅದನ್ನೇ ಅಂದಳು. ತಲಿತಾ ಕೊಟ್ಟಿಗೆಗೆ ಹೋಗಿ, ಸೌದೆ ಎಳೆಯುವ, ಗಾಲಿಯಿಲ್ಲದ ಮರದ ಬಂಡಿಯನ್ನು ಹೊರಗೆ ತಂದಳು. ಎತ್ತುಗಳನ್ನು ದಂಡಿನವರು ಬೇಸಿಗೆಯಲ್ಲೇ ಹೊಡೆದುಕೊಂಡು ಹೋಗಿದ್ದರು. ಅತ್ತೆ ಸೊಸೆ ಇಬ್ಬರೇ ಹಗ್ಗ ಹೆಗಲಿಗೆ ಹಾಕಿಕೊಂಡರು.

ತೊರೆಯ ದಂಡೆಯಲ್ಲಿ ಅವನು ಅಂಗಾತ ಬಿದ್ದಿದ್ದ. ಅವನನ್ನು ಬಂಡಿಯ ಮೇಲೆ ಮಲಗಿಸಿ ಏರು ಹತ್ತುವಾಗ ಓರ್ಫಾ ಮೊಣಕಾಲೂರಿ ಕುಸಿದಳು. ಬಂಡಿ ಹಿಂದಕ್ಕೆ ಜಾರಿತು. ತಲಿತಾ ಕಾಲು ಊರಿ ತಡೆದಳು.

"ನಾನೇ ಕೊಂದೆ ಕಣೇ," ಎಂದಳು ಮುದುಕಿ. "ಉಗಿ ನನ್ನ ಮುಖಕ್ಕೆ."

ತಲಿತಾ ಅವಳನ್ನು ನೋಡಿದಳು. ಎದೆಯೊಳಗಿದ್ದ ದ್ವೇಷ ಎಳ್ಳಷ್ಟೂ ಕರಗಿರಲಿಲ್ಲ. ಇನ್ನು ಕರಗುವುದೂ ಇಲ್ಲವೆಂದು ಅವಳಿಗೆ ಗೊತ್ತಿತ್ತು.

"ಹೌದು. ಕಟ್ಟಿದ್ದು ನೀವು, ಬಿಚ್ಚದೆ ಬಿಟ್ಟಿದ್ದು ನಾನು," ಎಂದಳು. "ಏಳಿ ಅತ್ತೆ. ನನ್ನೊಬ್ಬಳ ಕೈಲಿ ಆಗೋದಿಲ್ಲ."